ಯಾರೂ ತಿದ್ದದ ಮಾತು

ಫೆಬ್ರವರಿ 3, ಸೋಮವಾರ

ಇವತ್ತು ಮೂರು ಸೆಟ್ಟು ಹಲ್ಲು. ಎರಡು ಬರೀ ಮೇಲಿನ ದವಡೆ, ಒಂದು ಪೂರ್ತಿ. ಪೂರ್ತಿಯದು ರಿಟೈರ್ ಆದ ಮೇಷ್ಟರೊಬ್ಬರದು. ಅಚ್ಚು ನೋಡಿದರೇ ಗೊತ್ತಾಗುತ್ತದೆ — ಬಲಗಡೆ ಒಸಡು ಸವೆದು ಹೋಗಿದೆ, ಜೀವನವಿಡೀ ಒಂದೇ ಕಡೆ ಅಗಿದ ಮನುಷ್ಯ. ಮೇಣ ಕಾಯಿಸಿ ಹಲ್ಲು ಒಂದೊಂದೇ ಕೂರಿಸಿದೆ. ಮುಂದಿನ ಎರಡನ್ನು ಒಂದು ಚೂರು ಓರೆ ಮಾಡಿದೆ. ತೀರಾ ನೆಟ್ಟಗಿದ್ದರೆ ಕಟ್ಟಿಸಿಕೊಂಡ ಹಲ್ಲು ಅಂತ ಬೀದಿಗೆಲ್ಲ ಗೊತ್ತಾಗುತ್ತದೆ. ಈ ಓರೆ ಮಾಡುವ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ. ನಾನೇ ಹೇಳಿಕೊಳ್ಳಬೇಕು, ಇನ್ಯಾರು ಹೇಳುತ್ತಾರೆ.

ನಾಲ್ಕು ಗಂಟೆಗೆ ಡಾಕ್ಟರು ವರ್ಕ್‌ಶಾಪಿಗೆ ಬಂದರು. ಅವರು ಈ ಕೋಣೆಗೆ ಬರುವುದು ಬಯ್ಯಲಿಕ್ಕೆ, ಇಲ್ಲಾ ಸಿಹಿ ಹಂಚಲಿಕ್ಕೆ. ಇವತ್ತು ಎರಡೂ ಅಲ್ಲ. ಸ್ಟೂಲು ಎಳೆದುಕೊಂಡು ಕೂತರು. ಮಾರ್ಚ್ ಕೊನೆಗೆ ಕ್ಲಿನಿಕ್ಕನ್ನು ಸೊಸೆಗೆ ಬಿಟ್ಟುಕೊಡುತ್ತಾರಂತೆ. ಆಕೆಯೂ ಹಲ್ಲಿನ ಡಾಕ್ಟರೇ. ಸೆಟ್ಟುಗಳನ್ನೆಲ್ಲ ಇನ್ನು ಹೊರಗಡೆ ಮೆಷಿನ್ನಿನಲ್ಲಿ ಮಾಡಿಸುತ್ತಾರಂತೆ. ವರ್ಕ್‌ಶಾಪ್ ಬಂದ್. ಇಲ್ಲಿರುವುದು ನಾನು, ಪಕ್ಕದ ಬೆಂಚಿನ ಮೇಣದಣ್ಣ, ಇಬ್ಬರೇ.

"ಮೇಣದಣ್ಣ ಹೇಗೂ ರಿಟೈರ್ ಆಗ್ತಾರೆ. ನನಗೆ ನಿಮ್ಮದೇ ಯೋಚನೆ," ಅಂದರು. "ಕುರ್ಚಿ ಹತ್ರ ಕೆಲಸ ಇದೆ. ಪೇಶೆಂಟಿಗೆ ಸೆಟ್ಟು ಹಾಕಿ ನೋಡೋದು, ಎಲ್ಲಿ ಒತ್ತುತ್ತೆ ಕೇಳೋದು, ಉಜ್ಜಿ ಸರಿ ಮಾಡೋದು. ನಿಮ್ಮಷ್ಟು ಚೆನ್ನಾಗಿ ಯಾರು ಮಾಡ್ತಾರೆ? ಆದ್ರೆ ಲೈಸೆನ್ಸ್ ಇಲ್ದೆ ಸೊಸೆ ಒಪ್ಪಲ್ಲ."

ಲೈಸೆನ್ಸ್! ಕೈಕೆಲಸದ ಪರೀಕ್ಷೆ ಯಾವತ್ತೋ ಪಾಸಾಗಿದೆ. ಬಾಯಿಮಾತಿನದು, ಇಲ್ಲಿಯ ಭಾಷೆಯಲ್ಲಿ ಮಾತಾಡಿ ತೋರಿಸುವುದು, ಎರಡು ಸಲ ಡುಮ್ಕಿ. ಮೂರನೆಯದೇ ಕೊನೆ, ಆಮೇಲೆ ಕೂರಿಸುವುದಿಲ್ಲ. ಮಾರ್ಚ್ 14ಕ್ಕೆ ಇದೆ.

ಐವತ್ತೊಂದು ವಯಸ್ಸು. ಈ ಬೆಂಚಿಗೆ ಹತ್ತೊಂಬತ್ತು ವರ್ಷ, ಈ ಊರಿಗೆ ಇಪ್ಪತ್ತಮೂರು.

ಫೆಬ್ರವರಿ 5, ಬುಧವಾರ — ಬೆಳಿಗ್ಗೆ 6.10

ಚಹಾ ಕುದಿಯುವವರೆಗೆ ಬರೆಯುತ್ತೇನೆ.

ಊರಮಾತನ್ನು, ಅಂದರೆ ಈ ಊರಿನವರ ಭಾಷೆಯನ್ನು, ನಾನು ಕಲಿತದ್ದು ಓಡೋಡಿ. ಮೊದಲ ವರ್ಷ ಅಂಗಡಿಗೆ ಬೇಕಾದಷ್ಟು. ಎರಡನೆಯ ವರ್ಷ ಬಸ್ಸು, ಆಸ್ಪತ್ರೆ, ಮಗಳ ಸ್ಕೂಲು. ಮೂರನೆಯ ವರ್ಷ ಜಗಳ. ಜಗಳ ಆಡಲು ಬಂದಮೇಲೆ ಇನ್ನೇನು ಬೇಕು? ಅಲ್ಲಿಗೆ ನಿಂತಿತು. ಆಮೇಲಿನ ಇಪ್ಪತ್ತು ವರ್ಷದಲ್ಲಿ ಒಂದಿಂಚು ಮುಂದೆ ಹೋಗಿಲ್ಲ. ರೇಡಿಯೋ ವಾರ್ತೆ ಅರ್ಥವಾಗುತ್ತದೆ. ಜೋಕು ಅರ್ಥವಾಗುವ ಹೊತ್ತಿಗೆ ಎಲ್ಲರೂ ನಕ್ಕು ಬಾಯಿ ಒರೆಸಿಕೊಂಡಿರುತ್ತಾರೆ.

ವಯಸ್ಸು ಅಂತ ಸಮಾಧಾನ ಮಾಡಿಕೊಳ್ಳೋಣ ಅಂದರೆ ಇವರಿದ್ದಾರಲ್ಲ, ನನ್ನ ಗಂಡ. ನನಗಿಂತ ಆರು ವರ್ಷ ದೊಡ್ಡವರು. ಇಬ್ಬರೂ ಒಂದೇ ದಿನ, ಒಂದೇ ಪೆಟ್ಟಿಗೆ ಹಿಡಿದು ಇಲ್ಲಿ ಇಳಿದದ್ದು. ಇಪ್ಪತ್ತು ವರ್ಷ ಸಿಟಿ ಬಸ್ಸು ಓಡಿಸಿದರು. ಈಗ ಫೋನಿನಲ್ಲಿ ಮಾತಾಡಿದರೆ ಇಲ್ಲಿಯವರೇ ಅಂದುಕೊಳ್ಳುತ್ತಾರೆ. ಮೊದಮೊದಲು ಎಂಥಾ ಹರಕುಮುರುಕು ಮಾತು! ಇಲ್ಲಿ ಸ್ಟಾಪಿನ ಹೆಸರು ಕೂಗುವುದೂ ಡ್ರೈವರೇ. ಇವರು ಕೂಗಿದರೆ ಬಸ್ಸಿಗೆ ಬಸ್ಸೇ ನಗುತ್ತಿತ್ತು. ಇವರೂ ಅವರ ಜೊತೆ ಸೇರಿ ನಗುತ್ತಿದ್ದರು. ಮಾನ ಮರ್ಯಾದೆ ಇಲ್ಲದ ಮನುಷ್ಯ.

ನಾನು ಮೊದಲಿನಿಂದಲೂ ಅವರಿಗಿಂತ ಒಳ್ಳೆಯ ಭಾಷೆ ಆಡುತ್ತಿದ್ದೆ. ಹಾಗಂತಲೇ ಅಂದುಕೊಂಡಿದ್ದೆ.

ಚಹಾ ಉಕ್ಕಿತು.

ಫೆಬ್ರವರಿ 6, ಗುರುವಾರ

ಮೇಣದಣ್ಣನಿಗೆ ಹೇಳಿದೆ. ಈ ಊರಲ್ಲೇ ಹುಟ್ಟಿದವನು, ಹತ್ತೊಂಬತ್ತು ವರ್ಷದಿಂದ ನನ್ನ ಪಕ್ಕದ ಬೆಂಚಿನಲ್ಲಿ ಮೇಣ ಕಾಯಿಸುತ್ತಿದ್ದಾನೆ. ಅವನಿಗಿಂತ ಒಳ್ಳೆಯ ಮೇಷ್ಟರು ಎಲ್ಲಿ ಸಿಗುತ್ತಾರೆ?

"ಅಣ್ಣಾ, ಇವತ್ತಿಂದ ನಾನು ಎಲ್ಲಿ ತಪ್ಪು ಮಾತಾಡಿದ್ರೂ ಅಲ್ಲೇ ತಿದ್ದಬೇಕು."

ನನ್ನ ಮುಖ ನೋಡಿದ. ಕೈಯಲ್ಲಿದ್ದ ಮೇಣದ ಚಮಚ ನೋಡಿದ. "ಏನು ತಿದ್ದೋದಮ್ಮಾ? ನೀವು ಮಾತಾಡೋದೆಲ್ಲ ನನಗೆ ಅರ್ಥ ಆಗುತ್ತಲ್ಲ."

"ಅರ್ಥ ಆಗೋದು ಬೇರೆ, ಸರಿ ಇರೋದು ಬೇರೆ."

"ನನಗೀಗ ಎರಡೂ ಒಂದೇ ಥರ ಕೇಳ್ಸುತ್ತೆ. ಸತ್ಯ ಹೇಳ್ಬೇಕಂದ್ರೆ, ನಾನೇ ನಿಮ್ಮ ಥರ ಮಾತಾಡ್ತೀನಂತೆ. ವರ್ಕ್‌ಶಾಪಿನ ಮಾತು ಮನೆಗೆ ತರಬೇಡಿ ಅಂತ ಹೆಂಡತಿ ಬಯ್ತಾಳೆ."

ಸಾಯಂಕಾಲದವರೆಗೆ ಕಾದೆ. ಒಂದೇ ಒಂದು ತಪ್ಪು ಹಿಡಿಯಲಿಲ್ಲ. ನಾನು ಬೇಕೆಂದೇ ಎರಡು ತಪ್ಪು ಮಾಡಿದೆ. ಹ್ಞೂಂ ಹ್ಞೂಂ ಅಂದ, ಅಷ್ಟೆ.

ಫೆಬ್ರವರಿ 11, ಮಂಗಳವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ಒಳಗೇ ಕುದಿಯುತ್ತದೆ.

ಅಭ್ಯಾಸವಾಗಲಿ ಅಂತ ಡಾಕ್ಟರು ಇವತ್ತು ನನ್ನನ್ನು ಕುರ್ಚಿಯ ಹತ್ತಿರ ನಿಲ್ಲಿಸಿದರು. ಕೂತದ್ದು ಅದೇ ಮೇಷ್ಟರು. ನನ್ನ ಸೆಟ್ಟು ಅವರ ಬಾಯಲ್ಲಿ ಕೂತಾಗ — ಏನು ಹೇಳಲಿ, ಹತ್ತು ವರ್ಷ ಚಿಕ್ಕವರಾದರು. ನೀಲಿ ಕಾಗದ ಕಚ್ಚಿಸಿದೆ. ಎಲ್ಲಿ ಎತ್ತರವಿದೆಯೋ ಅಲ್ಲಿ ಅದರ ನೀಲಿ ಹತ್ತುತ್ತದೆ. ಎರಡೂ ಕಡೆ ಹತ್ತಿತ್ತು. ಯಾವ ಕಡೆ ಒತ್ತುತ್ತದೆ ಅಂತ ಅವರೇ ಹೇಳಬೇಕು.

ಅಷ್ಟರಲ್ಲಿ ಡಾಕ್ಟರಿಗೆ ಫೋನು, ಹೊರಗೆ ಹೋದರು. ಮೇಷ್ಟರು ಶುರು ಮಾಡಿದರು. ಪಾಠದ ಹಾಗೆ ಉದ್ದಕ್ಕೆ, ಹಳೆಯ ಕಾಲದ ಮಾತು, ಮಧ್ಯೆ ಏನೋ ತಮಾಷೆ ಬೇರೆ. ಅರ್ಧ ಕೈಗೆ ಸಿಕ್ಕಿತು, ಅರ್ಧ ಜಾರಿಹೋಯಿತು. ಗೊತ್ತಾಯಿತು ಅಂತ ತಲೆಯಾಡಿಸಿದೆ. ನಕ್ಕೆ ಕೂಡ. ಎಡಗಡೆ ಉಜ್ಜಿದೆ. ಹಾಕಿಕೊಂಡರು, ಮತ್ತೆ ಏನೋ ಅಂದರು. ಮತ್ತೆ ತಲೆಯಾಡಿಸಿದೆ, ಮತ್ತೆ ಎಡಗಡೆಯನ್ನೇ ಉಜ್ಜಿದೆ. ಆಮೇಲೆ ಅವರು ಸುಮ್ಮನಾದರು. ಮರ್ಯಾದಸ್ಥರು.

ಡಾಕ್ಟರು ವಾಪಸು ಬಂದು ಕೇಳಿದಾಗ ತಿಳಿಯಿತು, ಒತ್ತುತ್ತಿದ್ದದ್ದು ಬಲಗಡೆ. ಎಡಗಡೆ ಸರಿಯಾಗಿ ಕೂತಿದೆ, ಅದನ್ನು ಮುಟ್ಟಲೇಬೇಡಿ ಅಂತ ಅವರು ಎರಡು ಸಲ ಹೇಳಿದ್ದರಂತೆ. ಸೆಟ್ಟು ಹಾಳು. ಎಲ್ಲ ಮೊದಲಿನಿಂದ ಆಗಬೇಕು. ಮೇಷ್ಟರು ಇನ್ನೂ ಎರಡು ವಾರ ಗಂಜಿ ಕುಡಿಯಬೇಕು.

ಡಾಕ್ಟರು ಬಯ್ಯಲಿಲ್ಲ. "ಅರ್ಥ ಆಗ್ಲಿಲ್ಲ ಅಂದ್ರೆ ಕೇಳ್ಬೋದಿತ್ತಲ್ಲ?" ಅಂದರು. ಅದೂ ಪೇಶೆಂಟ್ ಎದುರಿಗೆ!

ಹಲ್ಲಿಲ್ಲದ ಬಾಯಲ್ಲಿ ಗೊಣಗಿದರೆ ಯಾರಿಗೆ ಅರ್ಥವಾಗುತ್ತದೆ? ಏಪ್ರನ್ನು ಕಳಚಿ ಮೊಳೆಗೆ ಹಾಕಿದೆ. ಮೂರು ಗಂಟೆಗೇ ಮನೆಗೆ ಬಂದೆ.

ಫೆಬ್ರವರಿ 13, ಗುರುವಾರ

ಡಾಕ್ಟರ ಜೊತೆ ಮಾತಿಲ್ಲ. ಕೇಳಿದ್ದಕ್ಕೆ ಹೌದು, ಇಲ್ಲ. ಊಟದ ಡಬ್ಬಿ ಬೆಂಚಿನಲ್ಲೇ ಬಿಚ್ಚಿದೆ, ಮೇಣದಣ್ಣ ಕರೆದರೂ ಹೋಗಲಿಲ್ಲ.

ಮೇಷ್ಟರ ಸೆಟ್ಟು ಹೊಸದಾಗಿ ಕೂರಿಸುತ್ತಿದ್ದೇನೆ. ಮೊದಲಿನದಕ್ಕಿಂತ ಚೆನ್ನಾಗಿ ಬರುತ್ತಿದೆ. ಕೈಯಂತೂ ತಪ್ಪು ಮಾಡಿಲ್ಲ.

ಫೆಬ್ರವರಿ 16, ಭಾನುವಾರ

ಮಗಳು ಬಂದಿದ್ದಳು. ಊರಿನ ಆ ತುದಿಯಲ್ಲಿ ಅವಳ ರೂಮು. ನೀರಿನ ಆಫೀಸಿನಲ್ಲಿ ಫೋನಿನಲ್ಲಿ ದೂರು ತೆಗೆದುಕೊಳ್ಳುವ ಕೆಲಸ. ದಿನಕ್ಕೆ ನೂರು ಜನ ಬಯ್ಯುತ್ತಾರೆ, ಇವಳು ನಿಧಾನಕ್ಕೆ ಬರೆದುಕೊಳ್ಳುತ್ತಾಳೆ. ಆ ತಾಳ್ಮೆ ಅಪ್ಪನದು. ನನ್ನ ಕಡೆಯಿಂದ ಅವಳಿಗೆ ಬಂದದ್ದು ಬರೀ ಮೂಗು.

ಪರೀಕ್ಷೆಗೆ ತಯಾರು ಮಾಡಿಸುತ್ತೇನೆ ಅಂತ ಅವಳೇ ಅಂದಳು. ಹಳೆಯ ಎರಡು ಪರೀಕ್ಷೆಯ ಕಾಗದ ಕೇಳಿದಳು. ಕಪಾಟಿನ ಡಬ್ಬದಿಂದ ತೆಗೆದುಕೊಟ್ಟೆ. ನಾನು ಅಂಕ ನೋಡಿ ಮಡಿಸಿಟ್ಟದ್ದು, ಕೆಳಗೆ ಬರೆದದ್ದನ್ನು ಓದಿರಲಿಲ್ಲ. ಓದಿ ಆಗಬೇಕಾದ್ದೇನು ಅಂತ.

ಅವಳು ಓದಿದಳು. ಉಚ್ಚಾರ — ಬೇರೆ ಊರಿನದು, ಆದರೆ ತಿಳಿಯುತ್ತದೆ. ವಾಕ್ಯಗಳು — ತಪ್ಪುಗಳಿವೆ, ಆದರೆ ಅಡ್ಡಿಯಿಲ್ಲ. ಅಲ್ಲಿಗೆ ನಿಲ್ಲಿಸಿದಳು.

"ಮುಂದೆ ಓದು."

"ಅಮ್ಮ, ಬೇಡ."

"ಓದು ಅಂದೆ."

ಓದಿದಳು. 'ಅರ್ಥವಾಗದಾಗ ಮತ್ತೆ ಕೇಳುವುದಿಲ್ಲ. ಅರ್ಥವಾದಂತೆ ತಲೆಯಾಡಿಸುತ್ತಾರೆ. ರೋಗಿಗೆ ತೊಂದರೆಯಾಗಬಹುದು.' ಎರಡನೆಯ ಕಾಗದದಲ್ಲೂ ಹೆಚ್ಚುಕಡಿಮೆ ಅದೇ. ಎರಡು ಬೇರೆ ವರ್ಷ, ಇಬ್ಬರು ಬೇರೆ ಪರೀಕ್ಷಕರು.

ಮೇಷ್ಟರ ವಿಷಯ ಮಗಳಿಗೆ ನಾನು ಹೇಳಿರಲಿಲ್ಲ. ಆಮೇಲೂ ಹೇಳಲಿಲ್ಲ. ಎದ್ದು ಹೋಗಿ ಒಣಗಿದ ಬಟ್ಟೆ ಮಡಿಸಿದೆ.

ಫೆಬ್ರವರಿ 23, ಭಾನುವಾರ — ಸಂಜೆ

ಅಕ್ಷರ ಕೆಟ್ಟದಾಗಿ ಬರುತ್ತಿದೆ, ಬರಲಿ.

ಮಧ್ಯಾಹ್ನ ಪಾಠ. ಮಗಳು ಪೇಶೆಂಟು, ನಾನು ಕುರ್ಚಿ ಪಕ್ಕ. ಒಂದು ಗಂಟೆ ಊರಮಾತಿನಲ್ಲೇ ಮಾತಾಡಿದೆ. ನನ್ನ ಕಿವಿಗೇ ಮೂರು ನಾಲ್ಕು ಕಡೆ ಎಡವಿದ್ದು ಗೊತ್ತಾಯಿತು. ಇವಳು ಮಾತ್ರ 'ಚೆನ್ನಾಗಿದೆ, ಮುಂದೆ' ಅನ್ನುತ್ತಾ ಕೂತಿದ್ದಾಳೆ.

ರೇಗಿತು. "ನೀನೇನು ಪಾಠ ಹೇಳೋಕೆ ಬಂದಿದ್ದೀಯೋ, ಗೊಂಬೆ ಥರ ಕೂರೋಕೆ ಬಂದಿದ್ದೀಯೋ? ತಪ್ಪಿದ್ರೆ ತಿದ್ದೋಕೆ ಏನು ರೋಗ?"

ಅವಳು ಪೆನ್ನು ಕೆಳಗಿಟ್ಟಳು. "ತಿದ್ದಿದ್ರೆ ನೀನು ಮಾತು ಬಿಡ್ತೀಯ."

"ಯಾವಾಗ ಬಿಟ್ಟಿದ್ದೆ?"

"ನನಗೆ ಒಂಬತ್ತು ವರ್ಷ ಇದ್ದಾಗ."

ಹೇಳಿದಳು. ಅರ್ಧ ಮನೆಮಾತು, ಅರ್ಧ ಊರಮಾತು. ಸ್ಕೂಲಿನಲ್ಲಿ ಅಪ್ಪ ಅಮ್ಮಂದಿರನ್ನು ಕರೆದಿದ್ದರಂತೆ. ನಾನು ಟೀಚರ ಹತ್ತಿರ ಏನೋ ಹೇಳಿದೆನಂತೆ, ಇವಳು ನಡುವೆ ಬಾಯಿ ಹಾಕಿ ತಿದ್ದಿದಳಂತೆ. ಟೀಚರು ನಕ್ಕರಂತೆ, ಕೆಟ್ಟದಾಗಿ ಅಲ್ಲ, ಸುಮ್ಮನೆ. ದಾರಿಯುದ್ದಕ್ಕೂ ನಾನು ಅವಳ ಕೈ ಹಿಡಿಯಲಿಲ್ಲ.

"ಎರಡು ದಿನ ನನ್ನ ಹತ್ರ ಮಾತಾಡ್ಲಿಲ್ಲ ಅಮ್ಮ. ಮೂರನೇ ದಿನ ನೀನು ನನ್ನ ತಲೆ ಬಾಚಿ ಜಡೆ ಹಾಕಿದೆ. ಬಿಗಿಯಾಗಿ ಹಾಕಿದೆ. ಆಗ್ಲೂ ಮಾತಿಲ್ಲ. ಅವತ್ತೇ ನಾನು ತೀರ್ಮಾನ ಮಾಡಿಬಿಟ್ಟೆ. ತಪ್ಪಿದ್ರೆ ತಪ್ಪೇ ಇರ್ಲಿ. ಅಮ್ಮ ಮಾತಾಡ್ತಾ ಇದ್ರೆ ಸಾಕು."

ನನಗೆ ನೆನಪಿಲ್ಲ. ಇದೇ ದೊಡ್ಡ ಸಂಕಟ. ಅವಳಿಗೆ ಜಡೆಯ ಬಿಗಿ ಕೂಡ ನೆನಪಿದೆ, ನನಗೆ ಆ ದಿನವೇ ಇಲ್ಲ. ಸುಳ್ಳು ಹೇಳುತ್ತೀಯ ಅನ್ನಲು ಬಾಯಿ ತೆರೆದೆ. ಅಡುಗೆಮನೆಯಿಂದ ಇವರು ಅಂದರು, "ನಿಜ. ಅವತ್ತು ನನ್ನ ಹತ್ರಾನೂ ಟೂ ಬಿಟ್ಟಿದ್ದೆ, ಯಾಕೆ ಅಂತ ಮಾತ್ರ ಹೇಳಿರ್ಲಿಲ್ಲ."

"ನೀವು ಸುಮ್ನಿರಿ," ಅಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂತು. ಮಗಳ ಎದುರಿಗೇ ಅತ್ತುಬಿಟ್ಟೆ, ಅವಳು ಬೆನ್ನು ಸವರಿದಳು. ಹೋಗುವಾಗ ಬಾಗಿಲಲ್ಲಿ ನಿಂತು 'ಮುಂದಿನ ವಾರ ಬರ್ಲಾ ಅಮ್ಮ?' ಅಂತ ಕೇಳಿದಳು. ಯಾವತ್ತೂ ಹಾಗೆ ಕೇಳಿ ಬಂದವಳಲ್ಲ.

ಫೆಬ್ರವರಿ 25, ಮಂಗಳವಾರ

ಊಟದ ಹೊತ್ತಿಗೆ ಡಬ್ಬಿ ತೆಗೆದುಕೊಂಡು ನಾನೇ ಮೇಣದಣ್ಣನ ಎದುರು ಹೋಗಿ ಕೂತೆ.

"ಅಣ್ಣಾ, ನಿಜ ಹೇಳಿ. ಮೊದಲು ನೀವು ನನ್ನ ತಿದ್ದುತ್ತಾ ಇದ್ರಾ?"

ತುತ್ತು ನಿಧಾನಕ್ಕೆ ಅಗಿದ. "ಮೊದಲನೇ ವರ್ಷ ತಿದ್ದುತ್ತಿದ್ದೆ. ಒಂದಿನ ಬಿಸಿ ಚಮಚ ಹಾಗೇ ಮೇಣಕ್ಕೆ ಚುಚ್ಚಿ ಎದ್ದು ಹೋದ್ರಿ. ನಾಲ್ಕು ದಿನ ಒಬ್ರೇ ಕೂತು ಊಟ ಮಾಡಿದ್ರಿ."

"ಅದಕ್ಕೆ ಬಿಟ್ಟುಬಿಟ್ರಾ?"

"ಎಂಟು ಗಂಟೆ ಪಕ್ಕದಲ್ಲಿ ಕೂರೋರು ನೀವು. ನಿಮ್ಮ ಮಾತು ಸರಿ ಮಾಡೋಕೆ ಹೋಗಿ ಮಾತೇ ಇಲ್ದಂಗೆ ಆದ್ರೆ ನನಗೇನು ಲಾಭ? ಡಾಕ್ಟ್ರಿಗೂ ನಾನೇ ಹೇಳಿದ್ದೆ, ಅವರನ್ನ ತಿದ್ದಬೇಡಿ ಸಾರ್, ಕೆಲಸ ಚೆನ್ನಾಗಿದೆ ಅಂತ."

ನನ್ನ ತಪ್ಪುಗಳಿಗೆ ದಾರಿ ಬಿಟ್ಟುಕೊಟ್ಟು ಇವರೆಲ್ಲ ಸುತ್ತುಬಳಸಿ ನಡೆದಿದ್ದಾರೆ. ಡಾಕ್ಟರು, ಮೇಣದಣ್ಣ, ಒಂಬತ್ತು ವರ್ಷದ ಹುಡುಗಿ. ನಾನು ನಾಲಿಗೆಯನ್ನು ಬೈದೆ, ವಯಸ್ಸನ್ನು ಬೈದೆ. ಕಲಿಯುವುದು ನಿಂತದ್ದು ನನ್ನ ಮೂಗಿನ ತುದಿಯ ಕೋಪದಿಂದ. ನಾಚಿಕೆಯಾಗುತ್ತಿದೆ.

ಮನೆಗೆ ಬಂದು ಇವರನ್ನು ಕೇಳಿದೆ, "ರೀ, ನಿಮ್ಮನ್ನ ಯಾರು ತಿದ್ದಿದ್ದು?"

"ಯಾರು ಅಂತ ಹೇಳ್ಲಿ? ಬಸ್ಸಿನ ತುಂಬ ಮೇಷ್ಟ್ರುಗಳೇ," ಅಂದರು. ಮತ್ತೆ ಪೇಪರು ಓದಿದರು.

ಮಾರ್ಚ್ 9, ಭಾನುವಾರ

ಪಾಠ ನಡೆದಿದೆ. ವಾರದಲ್ಲಿ ಎರಡು ಸಂಜೆ ಮತ್ತು ಭಾನುವಾರ. ಒಪ್ಪಂದ ಆಗಿದೆ — ಪಾಠದ ಹೊತ್ತಿನಲ್ಲಿ ಅವಳು ತಿದ್ದಬೇಕು, ನಾನು ಮುಖ ಗಂಟು ಹಾಕಬಾರದು.

ಮೊದಲ ದಿನ ಅವಳು ತಿದ್ದಿದ ಕೂಡಲೇ ಕಿವಿ ಬಿಸಿಯಾಯಿತು. ಎದ್ದು ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಹನ್ನೊಂದು ನಿಮಿಷ ಅಂತೆ, ಅವಳು ಗಡಿಯಾರ ನೋಡಿದ್ದಾಳೆ. ಕಳೆದ ವಾರ ನಾಲ್ಕು ನಿಮಿಷ. ಇವತ್ತು ಏಳಲಿಲ್ಲ, ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಅವಳೂ ಒಂದೊಂದು ಸಲ ತಿದ್ದುವ ಮೊದಲು ನನ್ನ ಮುಖ ನೋಡುತ್ತಾಳೆ. ಅದನ್ನು ನೋಡಲು ಆಗುವುದಿಲ್ಲ.

ಮಾತು ಸುಧಾರಿಸಿತೇ? ಸುಳ್ಳು ಯಾಕೆ ಬರೆಯಲಿ — ಹೆಚ್ಚೇನಿಲ್ಲ. ಇವತ್ತು ತಿದ್ದಿಕೊಂಡದ್ದು ನಾಳೆಗೆ ಹಳೆಯ ಹಾಗೇ ಬಾಯಿಂದ ಬರುತ್ತದೆ. ಇಪ್ಪತ್ತು ವರ್ಷ ಹೇಳಿದ್ದನ್ನು ನಾಲಿಗೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ತಿದ್ದಿಕೊಳ್ಳುವ ವರ್ಷಗಳನ್ನು ನಾನೇ ಕಳೆದುಕೊಂಡೆ.

ಮೇಷ್ಟರು ಹೊಸ ಸೆಟ್ಟು ಹಾಕಿಕೊಂಡು ಹೋದರು. ಹೊರಡುವ ಮೊದಲು ಅವರ ಹತ್ತಿರ ಕ್ಷಮೆ ಕೇಳಿದೆ. ದೊಡ್ಡ ಮಾತೇನಲ್ಲ ಅಂದರು. ಆಮೇಲೆ ಇನ್ನೇನೋ ಅಂದರು, ಅರ್ಥವಾಗಲಿಲ್ಲ. ಕೇಳಬೇಕು ಅಂತ ಗಂಟಲವರೆಗೆ ಬಂತು... ಕೇಳಲಿಲ್ಲ.

ಮಾರ್ಚ್ 14, ಶುಕ್ರವಾರ

ಮುಗಿಯಿತು. ಹೋಯಿತು ಅಂತಲೇ ಅನ್ನಿಸುತ್ತದೆ.

ಚಿಕ್ಕ ಕೋಣೆ, ಮೇಜು, ಎರಡು ಕುರ್ಚಿ. ಪರೀಕ್ಷಕಿ ನನ್ನ ವಯಸ್ಸಿನವರೇ, ಕೂದಲು ಬಿಗಿಯಾಗಿ ಕಟ್ಟಿದ್ದರು. ಅವರೇ ಪೇಶೆಂಟಿನ ಪಾತ್ರ. ಗಲ್ಲ ಹಿಡಿದುಕೊಂಡು ನೋವು ಹೇಳತೊಡಗಿದರು. ವೇಗ ಅಂದರೆ ವೇಗ, ಬೇಕೆಂದೇ ಇರಬೇಕು. ಮೊದಲ ಭಾಗ ಸಿಕ್ಕಿತು. ಎರಡನೆಯದು ಜಾರಿತು. ಅವರು ನಿಲ್ಲಿಸಿ ನನ್ನನ್ನೇ ನೋಡಿದರು.

ತಲೆ ಆಗಲೇ ಅರ್ಧ ಆಡಿತ್ತು. ಅದನ್ನು ನಿಲ್ಲಿಸುವುದು ಓಡುವ ಬಸ್ಸನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದಷ್ಟು ಕಷ್ಟವಾಯಿತು. "ನನಗೆ ಅರ್ಥ ಆಗ್ಲಿಲ್ಲ. ಇನ್ನೊಂದ್ಸಲ ಹೇಳ್ತೀರಾ?" ಅಂದೆ. ಹೇಳಿದರು. ಆಗಲೂ ಒಂದು ತುಂಡು ಉಳಿಯಿತು. ಮತ್ತೆ ಕೇಳಿದೆ. ಮೂರನೆಯ ಸಲ "ಬೆರಳಿಟ್ಟು ತೋರ್ಸಿ" ಅಂದೆ. ತೋರಿಸಿದರು. ಮುಖದಲ್ಲಿ ಸಿಟ್ಟೂ ಇಲ್ಲ, ನಗುವೂ ಇಲ್ಲ.

ಮೂರು ಸಲ! ಇಪ್ಪತ್ತಮೂರು ವರ್ಷ ಇದ್ದವಳು ಮಗುವಿನ ಹಾಗೆ ಮೂರು ಸಲ ಕೇಳಿದೆ. ಹೊರಗೆ ಬಂದಾಗ ಬೆನ್ನೆಲ್ಲ ಒದ್ದೆ.

ಮಾರ್ಚ್ 29, ಶನಿವಾರ

ಕಾಗದ ಬಂತು. ಇವರು ಒಡೆಯಲು ಹೋದರು, ಕಿತ್ತುಕೊಂಡೆ.

ಪಾಸು.

ಮಾತಿಗೆ ಹಿಂದಿನಷ್ಟೇ ಅಂಕ. ಒಂದೂ ಹೆಚ್ಚಿಲ್ಲ. ಉಚ್ಚಾರ ಬೇರೆ ಊರಿನದು, ವಾಕ್ಯಗಳಲ್ಲಿ ತಪ್ಪು — ಎಲ್ಲ ಹಾಗೇ ಇದೆ. ಈ ಸಲ ಕೆಳಗಿನದನ್ನೂ ಓದಿದೆ. ನಾನೇ, ಬೆರಳಿಟ್ಟುಕೊಂಡು. 'ಅರ್ಥವಾಗದಾಗ ಕೇಳುತ್ತಾರೆ. ರೋಗಿಗಳ ಜೊತೆ ಕೆಲಸ ಮಾಡಬಹುದು.'

ಮಗಳಿಗೆ ಫೋನ್ ಮಾಡಿದೆ. ಅವಳು ಕಿರುಚಿದ್ದಕ್ಕೆ ನೀರಿನ ಆಫೀಸಿನಲ್ಲಿ ಎಲ್ಲರೂ ಎದ್ದು ನಿಂತರಂತೆ. ಇವರು ಊಟಕ್ಕೆ ಮೊದಲೇ ಬೀದಿಯ ನಾಲ್ಕು ಮನೆಗೆ ಸುದ್ದಿ ಹಂಚಿ ಬಂದರು. ಊರಮಾತಿನಲ್ಲಿ, ಉಪ್ಪು ಖಾರ ಹಚ್ಚಿ.

ಏಪ್ರಿಲ್ 7, ಸೋಮವಾರ — ಸಂಜೆ 6.40

ಕುರ್ಚಿಯ ಹತ್ತಿರ ಮೊದಲ ದಿನ. ಐದು ಪೇಶೆಂಟು. 'ಇನ್ನೊಮ್ಮೆ ಹೇಳಿ' ಅಂತ ಎಷ್ಟು ಸಲ ಅಂದೆನೋ ಲೆಕ್ಕವಿಲ್ಲ. ಒಬ್ಬ ಅಜ್ಜಿ ಸಿಡುಕಿದರು, ಉಳಿದವರು ಹೇಳಿದರು. ಸಣ್ಣ ಡಾಕ್ಟರು, ಅಂದರೆ ಡಾಕ್ಟರ ಸೊಸೆ, ಮಾತು ಕಡಿಮೆ, ಕೆಟ್ಟವರಲ್ಲ. ಮೇಣದಣ್ಣನ ಬೆಂಚು ಎತ್ತಿಸಿದ್ದಾರೆ. ಆ ಕೋಣೆಯ ಕಡೆ ಹೋಗಲಿಲ್ಲ.

ಮನೆಗೆ ಬಂದ ಕೂಡಲೇ ಮಗಳಿಗೆ ಫೋನು. ಪಾಠದ ಒಪ್ಪಂದ ಮುಗಿದಿದೆ, ಆದರೂ ಊರಮಾತಿನಲ್ಲೇ ಹೇಳುತ್ತಾ ಹೋದೆ. ಅಜ್ಜಿಯ ಕತೆಗೆ ಬಂದೆ. ಹುರುಪು ಬಂದಿತ್ತು, ಅಜ್ಜಿಯ ಹಾಗೇ ಮೂತಿ ಮಾಡಿ ಹೇಳುತ್ತಿದ್ದೆ. ನಡುವೆ ಅವಳು ಅಂದಳು —

"ಅಮ್ಮ, ಅದು ಹಾಗಲ್ಲ."

ಅವಳ ಬಾಯಿಗೆ ಬಂದುಬಿಟ್ಟಿತ್ತು ಪಾಪ, ಯೋಚಿಸದೆ. ನನ್ನ ಕಿವಿ ಬಿಸಿಯಾಯಿತು. ಮಾತು ನಿಂತಿತು. ಆ ಕಡೆಯಿಂದ ಉಸಿರು ಕೇಳುತ್ತಿತ್ತು. ಇಪ್ಪತ್ತಾರು ವರ್ಷದವಳು, ನೂರು ಜನರ ಬೈಗುಳ ದಿನಾ ತಿನ್ನುವವಳು...

"ಅಮ್ಮಾ? ಇದ್ದೀಯಾ? ಏನಾದ್ರೂ ಮಾತಾಡು."

"ಇದ್ದೀನಿ," ಅಂದೆ. "ಹೇಗೆ ಹೇಳ್ಬೇಕು, ಹೇಳು."

ಹೇಳಿದಳು. ನಾನು ಹೇಳಿದೆ. ಸರಿಯಾಗಲಿಲ್ಲ. ಅವಳು ಮತ್ತೆ ಹೇಳಿದಳು, ನಾನು ಮತ್ತೆ ಹೇಳಿದೆ. ನಾಲ್ಕನೆಯ ಸಲಕ್ಕೆ ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಏನಾಯ್ತು ಅಂತ ಕೇಳಿದೆ.

"ಏನಿಲ್ಲ ಅಮ್ಮ. ನೀನು ಹೇಳ್ತಾ ಇರು."

ಹೇಳಿದೆ. ಇನ್ನೂ ಸರಿಯಿಲ್ಲ ಅಂದಳು. ಸರಿ, ಮತ್ತೆ —